ಅಗ್ಗದ ವೈರ್‌ಲೆಸ್ ಕೊಂಡ ವರ್ಷ

ನಾನು ಶಾಲೆ ಬಿಟ್ಟದ್ದು ೧೯೯೭ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಅಪ್ಪನದು ಮೋಟಾರು ವೈಂಡಿಂಗ್ ಅಂಗಡಿ. ಅವನ ಕಣ್ಣಿಗೆ ಸಣ್ಣ ತಂತಿ ಕಾಣುವುದು ಕಡಿಮೆಯಾಗಿತ್ತು. ಗಣಿತದ ಮಾಸ್ತರರು ಲೆಕ್ಕ ತಪ್ಪಿತೆಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನವೇ ಸಂಜೆ ಅಂಗಡಿಗೆ ಹೋಗಿ ಒಂದು ಮೋಟಾರಿನ ಸುತ್ತುಗಳನ್ನು ಒಂದೂ ಹೆಚ್ಚುಕಡಿಮೆ ಇಲ್ಲದೆ ಎಣಿಸಿ ಸುತ್ತಿ ಇಟ್ಟೆ. ಮರುದಿನ ಪಾಟಿಚೀಲ ಗೂಟದಲ್ಲೇ ಉಳಿಯಿತು. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ. ಸಾಯಗಾಂವದ ಕಡೆ ಹೋಗಿ ಯಾವ ಹೊಲದ ಬೋರಿನ ಹತ್ತಿರ ನಿಂತು ಕೇಳಿದರೂ, ಈ ಮೋಟಾರು ಒಮ್ಮೆ ನನ್ನ ಕೈಗೆ ಬಂದು ಹೋದದ್ದು ಎನ್ನುವವರು ಸಿಗುತ್ತಾರೆ.

ಗಿಟಾರ್ ಬಂದದ್ದೂ ಅದೇ ಅಂಗಡಿಯಿಂದ. ನಮ್ಮ ಕಡೆ ಆಗ ಗಿಟಾರ್ ಎಂದರೆ ಬೀದರಿನ ಚರ್ಚಿನಲ್ಲಿ ಬಾರಿಸುವ ವಾದ್ಯ. ಅಲ್ಲಿಯ ಹಾಡುಗಾರರ ತಂಡದಲ್ಲಿದ್ದ ಒಬ್ಬ ಕಂಪೌಂಡರ್ ತಮ್ಮ ಆಂಪ್ಲಿಫೈಯರಿನ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಸುತ್ತಿಸಲು ಭಾಲ್ಕಿಗೆ ತಂದಿದ್ದರು. ಸುತ್ತಿ ಕೊಟ್ಟೆ. ಸರಿಯಾಗಿದೆಯೋ ಇಲ್ಲವೋ ನೋಡಲು ಅವರು ಗಿಟಾರ್ ಸಿಗಿಸಿ ಒಂದು ತಂತಿ ಮೀಟಿದರು. ಗ್ರೀಸು, ವಾರ್ನಿಷ್, ಸುಟ್ಟ ತಾಮ್ರದ ವಾಸನೆಯ ಆ ಅಂಗಡಿಯಲ್ಲಿ ಆ ಸ್ವರ ಎಷ್ಟೋ ಹೊತ್ತು ಆರಲಿಲ್ಲ. ಮಜೂರಿ ಬೇಡ, ಇದನ್ನು ಕಲಿಸಿಕೊಡಿ ಎಂದೆ. ಎರಡು ವರ್ಷ ಪ್ರತಿ ರವಿವಾರ ಬೀದರಿಗೆ ಬಸ್ಸು ಹತ್ತಿದೆ. ನನ್ನ ಕೊರಳಿನ ಲಿಂಗದ ಕಡೆ ನೋಡಿ ಅವರು ನಗುತ್ತಿದ್ದರು: "ಕೊರಳಾಗ ಲಿಂಗ ಅದ, ಕೈಯಾಗ ಗಿಟಾರ್ ಅದ. ನಡುವ ಎಲ್ಲೂ ಶಾರ್ಟ್ ಆಗದಂಗ ನೋಡ್ಕೋ ಮಾರಾಯಾ." ಕೊನೆಗೆ ಅವರ ಹಳೆಯ ಎಲೆಕ್ಟ್ರಿಕ್ ಗಿಟಾರನ್ನೇ ಕೊಂಡೆ. ಅದರ ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ಕರೆಂಟಾಗಿಸುವ ಸುರುಳಿ, ಹಾಳಾಗಿತ್ತು. ಹೊಸದು ಕೊಳ್ಳಲಿಲ್ಲ. ಫ್ಯಾನಿನ ತಂತಿಗಿಂತಲೂ ಸಣ್ಣದು, ಕೂದಲಿನಂಥ ತಂತಿಯನ್ನು ಹೈದರಾಬಾದಿನಿಂದ ತರಿಸಿ, ಉಸಿರು ಬಿಗಿಹಿಡಿದು ಏಳು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತಿದೆ. ನಾಲ್ಕು ಸಲ ಹರಿಯಿತು. ಐದನೆಯದು ಇವತ್ತಿಗೂ ಇದೆ.

ಬೀದರಿನ ಒಂದು ಲಗ್ನದ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಬಾರಿಸಿದೆ. ಹಗಲು ಅಂಗಡಿ, ಲಗ್ನದ ಮುಹೂರ್ತಗಳಿದ್ದ ದಿನ ಗಿಟಾರ್. ಹಳೆಯ ಮಾಲೀಕರು ಕಿವಿ ಇದ್ದ ಮನುಷ್ಯ. ಎಲ್ಲಿ ತಪ್ಪಿದೆ ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಮಗ ಮಾಲೀಕನಾದ. ಅವನನ್ನು ನಾನು ಚಡ್ಡಿಯಲ್ಲಿ ನೋಡಿದವನು. ನನ್ನನ್ನು ಕಾಕಾ ಎನ್ನುತ್ತಿದ್ದ. ಅವನು ಎಲ್‌ಇಡಿ ಪರದೆ ತಂದ, ಹೊಗೆ ಬಿಡುವ ಯಂತ್ರ ತಂದ, ಎಲ್ಲರಿಗೂ ಒಂದೇ ಬಣ್ಣದ ಕೋಟು ಹೊಲಿಸಿದ. ನನ್ನ ಕೋಟಿನ ಕಂಕುಳು ಮೊದಲ ದಿನವೇ ಹರಿಯಿತು.

ಎರಡು ವರ್ಷದ ಹಿಂದಿನ ದಸರೆಯ ಹೊತ್ತಿಗೆ ಅವನು ನನ್ನನ್ನು ನಾಲ್ಕು ದಿನ ಬೀದರಿಗೆ ಕರೆಸಿಕೊಂಡ. ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿದ್ದ ಹದಿನೆಂಟು ಹಾಡುಗಳ ಗಿಟಾರನ್ನು ಒಂದೊಂದಾಗಿ ಬಾರಿಸಬೇಕು, ಕೀಬೋರ್ಡಿನವನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾನೆ ಎಂದ.

"ಯಾತಕ್ಕಪ್ಪ?" ಎಂದೆ.

"ಹೊಸ ಹಾಡುಗಾರರು ಬರ್ಲಕತ್ತಾರಲ್ಲ ಕಾಕಾ, ಅವರಿಗಿ ಮನ್ಯಾಗ ಕೂತು ಪ್ರಾಕ್ಟೀಸ್ ಮಾಡ್ಲಿಕ್ಕಿ. ನಿಮ್ಮ ಬಾರಿಸೋದು ಕೇಳ್ಕೋತ ಕಲೀಲಿ ಅಂತ."

ಹೆಮ್ಮೆಯೆನಿಸಿತು. ಅಂಗಡಿಗೆ ನಾಲ್ಕು ದಿನ ಬೀಗ ಹಾಕಿದೆ. ಒಂದೊಂದು ಹಾಡಿಗೂ ತಂತಿಗಳನ್ನು ಹೊಸದಾಗಿ ಶ್ರುತಿ ಮಾಡಿದೆ. ಸಮಾಧಾನವಾಗದ್ದನ್ನು ಮತ್ತೆ ಬಾರಿಸಿದೆ. ಕೀಬೋರ್ಡಿನವನು "ಸಾಕ್ರಿ ಕಾಕಾ, ಬರೋಬರಿ ಅದ" ಎಂದರೂ ಬಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಾಲೀಕ ಹೊಸ ಮಾತು ತೆಗೆದ. ನಮ್ಮ ಕಡೆಯ ಲಗ್ನದಲ್ಲಿ ಅಕ್ಷತೆ ಬಿದ್ದ ಮೇಲೆ ಬೀಗರ ಮರ್ಯಾದೆಗೆ ಒಂದು ಹಾಡು ಇರುತ್ತದೆ. ಗಂಡಿನ ಕಡೆಯ ಹಿರಿಯರನ್ನು ಮುಂದಿನ ಸೋಫಾದಲ್ಲಿ ಕೂಡಿಸಿ, ಅವರು ಕೇಳಿದ್ದನ್ನು ನುಡಿಸುವುದು. ಮೊದಲು ವೇದಿಕೆಯ ಮೇಲಿಂದಲೇ ನುಡಿಸುತ್ತಿದ್ದೆವು. ಈಗ ಬೀದರಿನ ದೊಡ್ಡ ಫಂಕ್ಷನ್ ಹಾಲುಗಳಲ್ಲಿ ಗಿಟಾರಿನವನೇ ಕೆಳಗಿಳಿದು ಬೀಗರ ಎದುರಿಗೆ ಹೋಗಿ ಬಾರಿಸುವ ಚಾಳಿ ಬಂದಿತ್ತು. ಹಾಗೆ ಹೋಗದಿದ್ದರೆ ಬೀಗರಿಗೆ ಸಿಟ್ಟು, ಹೆಣ್ಣಿನ ಕಡೆಯವರಿಗೆ ಅವಮಾನ.

"ಕಾಕಾ, ದಾವಣಿಗಿ ಕಟ್ಟಿದ ಎತ್ತಿನಂಗ ಒಂದೇ ಕಡಿ ನಿಂದರಬ್ಯಾಡ್ರಿ ಇನ್ನ," ಎಂದ ಮಾಲೀಕ. "ಕೆಳಗ ಇಳಿದು ಹೋಗ್ಬೇಕು."

"ಕೇಬಲ್ ಉದ್ದ ಮಾಡ್ಕೋತೇನಿ."

"ಉದ್ದ ಕೇಬಲ್ಲಿನ್ಯಾಗ ಬೀಗರ ಕಾಲು ಸಿಕ್ಕು ಬಿದ್ದರಂದ್ರ ಲಗ್ನ ಮುರೀತದ್ರಿ! ವೈರ್‌ಲೆಸ್ ತಗೋರಿ. ನಿಮ್ಮ ಸಾಮಾನು ನೀವೇ ತಗೋಬೇಕು, ಅದು ಗೊತ್ತೇ ಅದ. ಆಗಲ್ಲಂದ್ರ ಈಗೇ ಹೇಳ್ರಿ, ನಾ ಬ್ಯಾರೆ ಮಂದಿಗಿ ನೋಡ್ತೇನಿ."

ಇಪ್ಪತ್ತು ವರ್ಷದ ನನ್ನ ಜಾಗಕ್ಕೆ ಅವನು ಕಟ್ಟಿದ ಬೆಲೆ ಅದು. ಒಂದು ಸಾಮಾನು ಇದ್ದರೆ ಇದ್ದೆ, ಇಲ್ಲದಿದ್ದರೆ ಇಲ್ಲ.

ಒಳ್ಳೆಯ ವೈರ್‌ಲೆಸ್ಸಿಗೆ ಮೂವತ್ತು ನಲವತ್ತು ಸಾವಿರ ಹೇಳುತ್ತಾರೆ. ನಾನು ಮೂರು ಸಾವಿರ ಚಿಲ್ಲರೆಯದನ್ನು ಫೋನಿನಲ್ಲಿ ನೋಡಿ ತರಿಸಿದೆ. ಹೆಬ್ಬೆರಳಿನಷ್ಟು ದಪ್ಪದ ಎರಡು ತುಂಡು. ಒಂದನ್ನು ಗಿಟಾರಿಗೆ ಸಿಗಿಸಬೇಕು, ಅದು ಸ್ವರವನ್ನು ಗಾಳಿಯಲ್ಲಿ ಕಳಿಸುತ್ತದೆ. ಇನ್ನೊಂದನ್ನು ನನ್ನ ಆಂಪ್ಲಿಫೈಯರಿಗೆ, ಅಂದರೆ ಆಂಪಿಗೆ ಸಿಗಿಸಬೇಕು, ಅದು ಹಿಡಿದುಕೊಳ್ಳುತ್ತದೆ. ಎರಡಕ್ಕೂ ಒಂದೊಂದು ಹಸಿರು ದೀಪ. ಚಾರ್ಜು ನಾಲ್ಕು ಗಂಟೆ ಬರುತ್ತದೆಂದು ಡಬ್ಬಿಯ ಮೇಲೆ ಬರೆದಿತ್ತು. ಅದರ ಬಗ್ಗೆ ಫೋನಿನಲ್ಲಿ ಮಾತಾಡುವ ಹುಡುಗರ ವಿಡಿಯೋಗಳನ್ನೂ ನೋಡಿದೆ. ಎಲ್ಲರೂ ಮಲಗುವ ಕೋಣೆಯಲ್ಲಿ ಒಬ್ಬರೇ ನಿಂತು, ನಾಲ್ಕು ಹೆಜ್ಜೆ ಆಚೆ ಹೋಗಿ, ಭಾರಿ ಇದೆ ಎನ್ನುವವರೇ. ಐದುನೂರು ಮಂದಿ ಉಣ್ಣುವ ಹಾಲಿನಲ್ಲಿ ನಿಂತು ನೋಡಿದವನು ಒಬ್ಬನೂ ಇರಲಿಲ್ಲ.

ನಾನು ಯಾವ ಸಾಮಾನನ್ನೂ ಪರೀಕ್ಷೆ ಮಾಡದೆ ಗಿರಾಕಿಗೆ ಕೊಡುವವನಲ್ಲ. ಇದನ್ನೂ ಹಾಗೆಯೇ ಹಿಡಿದೆ. ಮೂರು ವಾರ, ಬೆಳಿಗ್ಗೆ ಆರಕ್ಕೆ, ಅಂಗಡಿಯ ಶಟರ್ ತೆಗೆದು, ಒಂದೇ ಸಾಲನ್ನು ಒಮ್ಮೆ ಕೇಬಲ್ಲಿನಲ್ಲಿ, ಒಮ್ಮೆ ವೈರ್‌ಲೆಸ್ಸಿನಲ್ಲಿ ಬಾರಿಸಿ ಕೇಳಿದೆ.

ನನ್ನ ಕೇಬಲ್ ನಾನೇ ಬೆಸುಗೆ ಹಾಕಿ ಮಾಡಿಕೊಂಡದ್ದು, ಇಪ್ಪತ್ತು ಅಡಿ. ಅಷ್ಟು ಉದ್ದದ ಕೇಬಲ್ ಸ್ವರದ ಮೊನೆಯನ್ನು ಸ್ವಲ್ಪ ಕುಡಿಯುತ್ತದೆ. ಮೇಲಿನ ತಂತಿ ಚುಚ್ಚುವುದಿಲ್ಲ, ದುಂಡಗೆ ಬರುತ್ತದೆ. ಇಪ್ಪತ್ತು ವರ್ಷ ಆ ದುಂಡನ್ನೇ ನನ್ನ ನಾದ ಎಂದುಕೊಂಡಿದ್ದೆ. ವೈರ್‌ಲೆಸ್ಸಿನಲ್ಲಿ ಅದು ಇರಲಿಲ್ಲ. ಸ್ವರ ಚುರುಕಾಗಿ, ತಗಡಿನ ಮೇಲೆ ಉಗುರು ತಾಗಿಸಿದಂತೆ ಬರುತ್ತಿತ್ತು. ದಪ್ಪ ತಂತಿಗಳಿಗೆ ಹೊಟ್ಟೆಯೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸ್ವರದ ಬಾಲ. ಮೀಟಿ ಬಿಟ್ಟ ಸ್ವರ ಸಣ್ಣಗಾಗುತ್ತ ಆಗುತ್ತ ಆರಬೇಕು. ಇದರಲ್ಲಿ ಇನ್ನೂ ಇದೆ ಎನ್ನುವಾಗಲೇ ಯಾರೋ ಬಾಗಿಲು ಮುಚ್ಚಿದಂತೆ ಕತ್ತರಿಸಿ ಹೋಗುತ್ತಿತ್ತು. ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಒಂದು ಸೂಜಿಯಷ್ಟು ತಡ. ಕೇಳುವವರಿಗೆ ತಿಳಿಯದು, ಬೆರಳಿಗೆ ತಿಳಿಯುತ್ತದೆ.

ಆದರೂ ನ್ಯಾಯವಾಗಿ ಹೇಳಬೇಕು. ಆಂಪಿನ ಮೇಲಿನ ಸ್ವರದ ಗುಂಡಿಯನ್ನು ಎರಡು ಗೆರೆ ಇಳಿಸಿ, ಗಿಟಾರಿಗೂ ಆ ತುಂಡಿಗೂ ನಡುವೆ ಗೇಣುದ್ದ ಕೇಬಲ್ ಹಾಕಿದರೆ ಚುಚ್ಚುವುದು ಅರ್ಧ ಕಡಿಮೆಯಾಯಿತು. ಕೊಟ್ಟ ದುಡ್ಡಿಗೆ ಮೋಸವೇನಿರಲಿಲ್ಲ. ದೂರದ ಪರೀಕ್ಷೆಗೆ ಹೆಂಡತಿಯನ್ನು ಆಂಪಿನ ಹತ್ತಿರ ಕೂಡಿಸಿ ನಾನು ಬಾರಿಸುತ್ತ ರಸ್ತೆಗೆ ಇಳಿದೆ. ಹಾಲು ತರಲು ಹೊರಟಿದ್ದವರು ನಿಂತು ನೋಡಿದರು.

"ಕೇಳಸ್ತದೇನು?" ಎಂದು ಅತ್ತ ಕಡೆಯಿಂದ ಕೂಗಿದೆ.

"ಕೇಳಸ್ತದ್ರಿ."

ತಿರುಗಿ ನಿಂತೆ, ಬೆನ್ನು ಅಂಗಡಿಯ ಕಡೆ. "ಈಗ?"

ಮತ್ತೆ ಕೂಗಿದೆ.

"ಈಗಿಲ್ಲ. ಮಾರಿ ಈಕಡಿ ಇದ್ರ ಮಾತಾಡ್ತದ, ಹೊಳ್ಳಿದ್ರ ಮಾತಿಲ್ಲ. ನಿಮ್ಮ ಸ್ವಭಾವಾನೇ ಬಂದದ ಅದಕ್ಕ."

"ಏ, ಚಾಷ್ಟಿ ಬ್ಯಾಡ. ಕೂಡಿ ಬರ್ತದೋ ಹರೀತದೋ ಹೇಳು."

"ಹರೀತದ್ರಿ! ಖರೇ ಹೇಳ್ಲೇನು? ಮೂರು ವಾರದಿಂದ ಕೇಳಿ ಕೇಳಿ ನನಗ ಎರಡೂ ಒಂದೇ ಅನಸ್ಲಕತ್ತಾವ. ಮಂದಿಗಿ ಹ್ಯಾಂಗ ತಿಳೀತದ?"

ಸಿಟ್ಟು ಬಂತು. ತಿಳಿಯುತ್ತದೆ ಎಂದೆ. ಆದರೆ ಒಂದು ಸಂಗತಿ ಅವಳಿಂದ ಹೊಳೆಯಿತು. ನನ್ನ ಮೈಯೇ ಅಡ್ಡ ಬರುತ್ತಿತ್ತು. ಈ ರೇಡಿಯೋ ಅಲೆ ಗೋಡೆಗಿಂತ ಮನುಷ್ಯರ ಮೈಗೆ ಹೆದರುತ್ತದೆ. ಹಾಗಾದರೆ ಹಿಡಿಯುವ ತುಂಡು ಮಂದಿಯ ತಲೆಯ ಮೇಲಿರಬೇಕು. ಕಿಟಕಿಯ ಪರದೆ ಹಾಕುವ ಅಲ್ಯೂಮಿನಿಯಂ ಕೊಳವೆಗೆ ಅದನ್ನು ಕಟ್ಟಿ, ಕೆಳಕ್ಕೆ ಕೇಬಲ್ ಇಳಿಸಿ, ಏಳು ಅಡಿ ಎತ್ತರಕ್ಕೆ ನಿಲ್ಲಿಸಿದೆ. ಬೆನ್ನು ತಿರುಗಿಸಿದರೂ ಹರಿಯಲಿಲ್ಲ. ಯಾವ ವಿಡಿಯೋದಲ್ಲೂ ಇರದ ಉಪಾಯ, ಒಂಬತ್ತನೇ ತರಗತಿ ಬಿಟ್ಟವನದು. ಆ ದಿನ ಇಡೀ ಸಿಳ್ಳೆ ಹಾಕುತ್ತ ಕೆಲಸ ಮಾಡಿದೆ.

ಮೊದಲ ಲಗ್ನ ಭಾಲ್ಕಿಯಲ್ಲೇ, ಚಿಕ್ಕದು. ಕೆಳಗಿಳಿದು ಬೀಗರ ಎದುರಿಗೆ ಬಾರಿಸಿ ಬಂದೆ. ಎರಡನೆಯದು ಬೀದರಿನ ದೊಡ್ಡ ಹಾಲಿನಲ್ಲಿ. ಹಾಲು ತುಂಬಿತ್ತು. ಎಲ್ಲರ ಕಿಸೆಯಲ್ಲಿ ಫೋನು, ಮೇಲೆ ಡ್ರೋನ್ ಕ್ಯಾಮೆರಾ, ನಾಲ್ಕು ಕಾರ್ಡ್‌ಲೆಸ್ ಮೈಕು. ಕೆಳಗಿಳಿದು ಬೀಗರ ಸುತ್ತ ಮುತ್ತಿದ್ದ ಮಂದಿಯ ನಡುವೆ ನಿಂತಾಗ ನನ್ನ ತುಂಡಿನ ದೀಪ ಮೂರು ನಾಲ್ಕು ಸಲ ಮಿಣುಕಿ ಆರಿ ಹೊತ್ತಿತು. ದೀಪ ಆರಿದರೆ ಸ್ವರ ಹರಿದಂತೆ. ಬೆವರು ಇಳಿಯಿತು. ಹಾಡು ಮುಗಿದ ಮೇಲೆ ಮೆಲ್ಲಗೆ ಮಾಲೀಕನ ಕಡೆ ನೋಡಿದೆ, ಬೈಗಳ ನಿರೀಕ್ಷೆಯಲ್ಲಿ. ಅವನು ಹೆಬ್ಬೆರಳು ಎತ್ತಿ ತೋರಿಸಿದ.

"ಭಾರಿ ಆತು ಕಾಕಾ! ಒಂದು ಕಡಿನೂ ಹರೀಲಿಲ್ಲ."

ದೀಪ ಮಿಣುಕಿದ್ದು ಕ್ಷಣಮಾತ್ರ, ನನ್ನ ಕೊಳವೆ ಅಷ್ಟರಲ್ಲೇ ಸ್ವರವನ್ನು ಹಿಡಿದುಕೊಂಡಿದೆ ಎಂದು ತಿಳಿದೆ. ಬೇರೆ ಏನನ್ನೂ ಯೋಚಿಸಲಿಲ್ಲ. ಮೆಚ್ಚಿದವರನ್ನು ಅನುಮಾನಿಸುವ ಬುದ್ಧಿ ನನಗೆ ಆಗ ಇರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಆ ತಿಂಗಳು ಕಮಠಾಣದಲ್ಲಿ ಒಂದು, ಮತ್ತೆ ಬೀದರಿನಲ್ಲಿ ಎರಡು ಲಗ್ನ ಬಾರಿಸಿದೆ. ಎಲ್ಲಿಯೂ ದೂರಿಲ್ಲ.

ಔರಾದಿನ ಲಗ್ನ ಏಪ್ರಿಲ್‌ನಲ್ಲಿ. ಊರ ಹೊರಗೆ ಬಯಲಿನಲ್ಲಿ ಶಾಮಿಯಾನ, ಅಕ್ಷತೆ ಹನ್ನೆರಡೂವರೆಗೆ ಎಂದಿದ್ದರು. ಬೀಗರ ವಾಹನ ತಡವಾಗಿ ಎರಡೂವರೆಯಾಯಿತು. ಬೆಳಿಗ್ಗೆ ಹತ್ತೂವರೆಯಿಂದ ಅಲ್ಲಿಯವರೆಗೆ ನಾವು ಬಾರಿಸುತ್ತಲೇ ಇದ್ದೆವು. ಬಿಸಿಲು ಬಟ್ಟೆಯ ಚಾವಣಿಯಿಂದ ಇಳಿದು ತಲೆಯ ಮೇಲೆ ಕೂತಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವೇದಿಕೆಯ ಮೇಲೆ ನನ್ನ ಆಂಪ್ ನನ್ನ ಹಿಂದೆಯೇ ಇರುತ್ತಿತ್ತು. ನಾನು ಕೇಳುತ್ತಿದ್ದದ್ದು ಅದನ್ನು. ಅದರಿಂದ ಒಂದು ಕೇಬಲ್ ಮಿಕ್ಸರಿಗೆ ಹೋಗಿ, ಎಲ್ಲರ ಧ್ವನಿಯೊಂದಿಗೆ ಸೇರಿ, ಮುಂದೆ ಮಂದಿಯ ಕಡೆ ಮುಖ ಮಾಡಿದ ದೊಡ್ಡ ಬಾಕ್ಸುಗಳಲ್ಲಿ ಬರುತ್ತಿತ್ತು. ಆ ಬಾಕ್ಸುಗಳ ಎದುರಿಗೆ ನಿಂತು ನಾನು ನನ್ನನ್ನು ಕೇಳಿದ್ದೇ ಇಲ್ಲ. ಇಪ್ಪತ್ತು ಅಡಿ ಕೇಬಲ್ಲಿನವನು ಅಲ್ಲಿಯವರೆಗೆ ಹೋಗುವುದಾದರೂ ಹೇಗೆ? ವೈರ್‌ಲೆಸ್ ಬಂದ ಮೇಲೂ ಹಾಲುಗಳಲ್ಲಿ ಬೀಗರ ಸೋಫಾ ವೇದಿಕೆಯ ಬುಡದಲ್ಲೇ ಇರುತ್ತಿತ್ತು. ಔರಾದಿನಲ್ಲಿ ಮಾತ್ರ ಬಿಸಿಲಿಗೆಂದು ಅವರನ್ನು ಶಾಮಿಯಾನದ ನಟ್ಟನಡುವೆ, ಕೂಲರಿನ ಹತ್ತಿರ ಕೂಡಿಸಿದ್ದರು. ವೇದಿಕೆಯಿಂದ ಅರವತ್ತು ಅಡಿಯಾದರೂ ಆಗುತ್ತದೆ.

ಬಾರಿಸುತ್ತ ಹೋದೆ. ರುಮಾಲು ಸುತ್ತಿದ ಹಿರಿಯ ಬೀಗರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರ ಎದುರಿಗೆ ನಿಂತು ಮೊದಲ ಸಾಲು ಮುಗಿಸುವುದರಲ್ಲಿ ಗಿಟಾರಿನ ಮೇಲಿನ ಹಸಿರು ದೀಪ ಕೆಂಪಾಯಿತು. ಎರಡು ಸಲ ಮಿಣುಕಿತು. ಆರಿತು. ಮತ್ತೆ ಹೊತ್ತಲಿಲ್ಲ. ನಾಲ್ಕು ಗಂಟೆಯ ಚಾರ್ಜು ಮುಗಿದಿತ್ತು.

ಗಿಟಾರ್ ಸತ್ತಿದೆ. ಆದರೆ ಬಾಕ್ಸಿನಿಂದ ಗಿಟಾರ್ ಬರುತ್ತಲೇ ಇತ್ತು.

ಕೈ ತನ್ನಷ್ಟಕ್ಕೇ ನಿಂತಿತು. ಗಿಟಾರ್ ನಿಲ್ಲಲಿಲ್ಲ. ಎರಡನೇ ಸಾಲು ಶುರುವಾಯಿತು. ಸ್ವರ ಚುಚ್ಚುತ್ತಿರಲಿಲ್ಲ, ದುಂಡಗಿತ್ತು. ಬಾಲ ಕತ್ತರಿಸಿರಲಿಲ್ಲ, ಪೂರ್ತಿ ಆರುತ್ತಿತ್ತು. ಮೂರು ವಾರ ಬೆಳಿಗ್ಗೆ ಆರಕ್ಕೆ ಎದ್ದು ಎರಡರ ನಡುವಿನ ವ್ಯತ್ಯಾಸವನ್ನು ಕಿವಿಗೆ ಹಾಕಿಕೊಂಡವನಿಗೆ ಮೋಸವಾಗುವುದು ಸಾಧ್ಯವಿರಲಿಲ್ಲ. ಅದು ವೈರ್‌ಲೆಸ್ಸಿನ ನಾದವಲ್ಲ, ನನ್ನ ಕೇಬಲ್ಲಿನ ನಾದ. ಸಾಲಿನ ಕೊನೆಗೆ ಮೂರನೇ ತಂತಿಯ ಮೇಲೆ ಜಾರುವಲ್ಲಿ ಒಂದು ಕೂದಲಿನಷ್ಟು ತಡವಾಯಿತು. ನನ್ನ ನಡುಬೆರಳಿನ ತುದಿ ಒಮ್ಮೆ ಮೋಟಾರಿನ ಫ್ಯಾನಿಗೆ ಸಿಕ್ಕಿದೆ, ಅಲ್ಲಿ ಅದು ಯಾವಾಗಲೂ ತಡ ಮಾಡುತ್ತದೆ. ದಸರೆಯಲ್ಲಿ ನಾಲ್ಕು ದಿನ ಕೂತು ಬಾರಿಸಿ ಕೊಟ್ಟದ್ದು ಅರವತ್ತು ಅಡಿ ದೂರದಿಂದ ನನ್ನ ಮುಖಕ್ಕೆ ಬಂದು ಬಡಿಯುತ್ತಿತ್ತು.

ಹಿರಿಯ ಬೀಗರು ನನ್ನ ಕೈ ನೋಡಿದರು, ಬಾಕ್ಸಿನ ಕಡೆ ನೋಡಿದರು. ತೊಡೆ ತಟ್ಟಿ ನಕ್ಕರು.

"ಏ ಮಾಸ್ತರ್, ಕೈ ಆಡಸಲಾರದೆ ಬಾರಸ್ತೀಯಲ್ಲೋ! ಇದ್ಯಾವ ಜಾದೂನೋ ಮಾರಾಯಾ! ನೋಡ್ರೋ, ನೋಡ್ರೋ!"

ಸುತ್ತಲಿದ್ದವರು ಫೋನು ಎತ್ತಿದರು. ಚಪ್ಪಾಳೆ ಬಿತ್ತು. ಬೇಕೆಂದೇ ಮಾಡಿದ ಆಟ ಎಂದು ತಿಳಿದರು. ಹೆಣ್ಣಿನ ತಂದೆ ಬೀಗರ ಹಿಂದೆ ನಿಂತಿದ್ದ. ಬೀಗರು ನಕ್ಕದ್ದು ಖುಷಿಗೋ ಕುಹಕಕ್ಕೋ ಅವನಿಗೆ ತಿಳಿಯುತ್ತಿರಲಿಲ್ಲ. ಅಂಜಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಅವನ ಮುಖ ನೋಡಿ ನಾನು ಮತ್ತೆ ಕೈ ಆಡಿಸಿದೆ. ಸತ್ತ ಗಿಟಾರಿನ ಮೇಲೆ, ನನ್ನದೇ ಬಾರಿಸುವಿಕೆಯ ಹಿಂದೆ ಹಿಂದೆ, ಹಾಡು ಮುಗಿಯುವವರೆಗೆ ಬೆರಳು ಓಡಿಸಿದೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹಾಡು ಬಾರಿಸಿಲ್ಲ.

ಊಟದ ಹೊತ್ತಿಗೆ ವೇದಿಕೆಯ ಹಿಂದೆ ಮಾಲೀಕನನ್ನು ಹಿಡಿದೆ. ಕೀಬೋರ್ಡಿನವನೂ ಅಲ್ಲೇ ಇದ್ದ, ಕೈಯಲ್ಲಿ ಮಜ್ಜಿಗೆಯ ಲೋಟ.

"ಯಾವಾಗಿಂದ?" ಎಂದೆ.

ಮಾಲೀಕನಿಗೆ ಅರ್ಥವಾಯಿತು. ಅರ್ಥವಾಗದವನಂತೆ ನಟಿಸುವಷ್ಟು ಮರ್ಯಾದೆಯನ್ನೂ ಅವನು ಕೊಡಲಿಲ್ಲ.

"ಸಿಟ್ಟಾಗಬ್ಯಾಡ್ರಿ ಕಾಕಾ. ಅದು ಬ್ಯಾಕಪ್. ಇಂಥಾ ಮೂರು ಸಾವಿರದ ಆಟಿಗಿ ಸಾಮಾನು ನಂಬಿ ನಾ ಕಾರ್ಯಕ್ರಮ ಹ್ಯಾಂಗ ಮಾಡ್ಲಿ? ಹರೀತಂದ್ರ ಹೆಸರು ನಂದು ಹೋಗ್ತದ."

"ಯಾವಾಗಿಂದ ಅಂತ ಕೇಳ್ದೆ."

ಅವನು ಕೀಬೋರ್ಡಿನವನ ಕಡೆ ನೋಡಿದ. ಕೀಬೋರ್ಡಿನವನು ಲೋಟದ ಒಳಗೆ ನೋಡುತ್ತ ಹೇಳಿದ: "ದೀಪಾವಳಿ ಆದ ಮ್ಯಾಲಿನ ಲಗ್ನದಿಂದ್ರಿ ಕಾಕಾ."

"ಆಗ ನನ್ನ ಹಂತ್ಯಾಕ ವೈರ್‌ಲೆಸ್ಸೇ ಇರಲಿಲ್ಲ. ಕೇಬಲ್ ಇತ್ತು."

ಆಚೆ ಪಂಗತಿಯಲ್ಲಿ ಯಾರೋ ಸಾರು ಕೇಳುತ್ತಿದ್ದರು.

"ಕೇಬಲ್ ಇದ್ದಾಗೂ ಮಿಕ್ಸರಿನ್ಯಾಗ ನನ್ನ ಗುಂಡಿ ಇಳಿಸಿಟ್ಟಿದ್ರಿ. ಹೌದಿಲ್ಲೋ?"

"ಪಟ್ಟಿಯಾಗಿಲ್ಲದ ಹಾಡು ಬಂದ್ರ ನಿಮ್ದೇ ಏರಸ್ತಿದ್ವಿ, ಲಿಂಗದಾಣಿಗೂ!" ಎಂದ ಮಾಲೀಕ. "ಮತ್ತ ಅದು ಯಾರ ಕೈ? ನಿಮ್ದೇ ಕೈ ಕಾಕಾ. ಬ್ಯಾರೆಯವರದು ಹಾಕೀನೇನು? ನೀವೂ ಮನಷ್ಯಾರೇ, ಒಂದಿನ ಚಲೋ ಬಾರಸ್ತೀರಿ, ಒಂದಿನ ದಣದಿರ್ತೀರಿ. ಇದು ದಿನಾಲು ಚಲೋ."

"ಹಂಗಿದ್ರ ನನಗ್ಯಾಕ ಕರೀತಿ?"

"ನೋಡೋ ಮಂದಿಗಿ ಒಬ್ಬರು ಬೇಕಲ್ರಿ."

ಅವನು ಕೆಟ್ಟದಾಗಿ ಹೇಳಲಿಲ್ಲ. ತಟ್ಟೆ ಬೇಕು, ಲೋಟ ಬೇಕು ಎನ್ನುವಂತೆ ಹೇಳಿದ. ಅದಕ್ಕೇ ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಅದನ್ನು ಅಳಿಸು ಎಂದೆ. ನನ್ನ ಎದುರಿಗೇ, ಈಗಲೇ. ಅವನು ತಲೆ ಆಡಿಸಿದ. ನಾಲ್ಕು ದಿನದ ಮಜೂರಿ ಕೊಟ್ಟಿದ್ದೇನೆ, ಅದು ಈಗ ನನ್ನ ಸಾಮಾನು ಎಂದ. ಮಜೂರಿ ಕೊಟ್ಟದ್ದು ನಿಜ. ನಾನು ಅದನ್ನು ಎಣಿಸದೆ ಕಿಸೆಗೆ ಹಾಕಿಕೊಂಡದ್ದೂ ನಿಜ. ಓದಿದವನಾಗಿದ್ದರೆ ಒಂದು ಕಾಗದ ಬರೆಸಿಕೊಳ್ಳುತ್ತಿದ್ದೆನೋ ಏನೋ. ಗೊತ್ತಿಲ್ಲ. ಕೀಬೋರ್ಡಿನವನು ಪದವಿಯವರೆಗೆ ಓದಿದವನು, ಅವನದನ್ನೂ ರೆಕಾರ್ಡ್ ಮಾಡಿ ಇಟ್ಟಿದ್ದಾರೆಂದು ಆಮೇಲೆ ತಿಳಿಯಿತು. ಅವನು ಅದಕ್ಕೆ ನಕ್ಕು ಸುಮ್ಮನಿದ್ದಾನೆ. ಸಂಬಳ ಬರುತ್ತದೆ, ಕೈಯೂ ನೋಯುವುದಿಲ್ಲ ಎನ್ನುತ್ತಾನೆ.

ಕೋಟು ಬಿಚ್ಚಿ ಅಲ್ಲೇ ಕುರ್ಚಿಯ ಮೇಲೆ ಹಾಕಿದೆ. ಗಿಟಾರ್, ಆಂಪ್, ಕೊಳವೆ ಹೊತ್ತುಕೊಂಡು ಔರಾದ ಬಸ್ ಸ್ಟ್ಯಾಂಡಿಗೆ ನಡೆದೆ. ಊಟ ಮಾಡಲಿಲ್ಲ. ಕಂಡಕ್ಟರ್ ಆಂಪಿಗೂ ಟಿಕೆಟ್ ಹರಿದ.

ಮನೆಗೆ ಬಂದು ಹೇಳಿದಾಗ ಹೆಂಡತಿ ಮೊದಲು ತಟ್ಟೆ ಇಟ್ಟು ಬಡಿಸಿದಳು. ಆಮೇಲೆ, "ಮಂದಿಗಿ ತಿಳೀಲಿಲ್ಲ, ನಿಮಗ ತಿಳೀತಲ್ಲ," ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನವಾಗಲಿಲ್ಲ, ಇವತ್ತಿಗೂ ಇಲ್ಲ.

ಈಗಲೂ ಆಗಾಗ ಯಾರಾದರೂ ಅಂಗಡಿಗೆ ಬಂದು, ಅಗ್ಗದ ವೈರ್‌ಲೆಸ್ ತಗೊಳ್ಳಲೇ ಎಂದು ಕೇಳುತ್ತಾರೆ. ಚರ್ಚಿನವರು ಬರುತ್ತಾರೆ, ಜಯಂತಿಯ ದಿನ ಬುದ್ಧ ವಿಹಾರದ ಮುಂದೆ ಹಾಡುವ ತಂಡದವರು ಬರುತ್ತಾರೆ. ನನಗಾದದ್ದರ ಸಿಟ್ಟನ್ನು ಆ ಸಾಮಾನಿನ ಮೇಲೆ ತೀರಿಸುವುದಿಲ್ಲ. ಇದ್ದದ್ದನ್ನು ಹೇಳುತ್ತೇನೆ. ಮಂದಿ ಕಡಿಮೆ ಇರುವಲ್ಲಿ, ಮೂವತ್ತು ಅಡಿಯೊಳಗೆ ನಡೆಯುತ್ತದೆ. ಹಿಡಿಯುವ ತುಂಡನ್ನು ತಲೆಯ ಮೇಲಕ್ಕೆ ಕಟ್ಟಿ. ಮೇಲಿನ ಸ್ವರ ಇಳಿಸಿ. ನಾಲ್ಕು ಗಂಟೆ ಎಂದು ಬರೆದಿದ್ದರೆ ಮೂರು ಎಂದು ತಿಳಿಯಿರಿ, ಒಂದು ವರ್ಷದ ಮೇಲೆ ಎರಡು ಎನ್ನಿ. ಸ್ವರದ ಬಾಲ ಸಿಗುವುದಿಲ್ಲ, ಅದನ್ನು ಬಿಟ್ಟುಬಿಡಿ. ಅದು ಬೇಕಾದವರು ಕೇಬಲ್ ತಗೊಂಡು ನಿಂತಲ್ಲೇ ನಿಂತು ಬಾರಿಸಿ. ಕೇಳಿಕೊಂಡು ಹೋದವರೆಲ್ಲ ವೈರ್‌ಲೆಸ್ಸನ್ನೇ ತರಿಸಿದರು.

ಹೋದ ಮಾಘದಲ್ಲಿ ಬೀದರಿನಲ್ಲಿ ಹೆಂಡತಿಯ ಕಡೆಯವರ ಲಗ್ನ. ತಪ್ಪಿಸಿಕೊಳ್ಳುವಂತಿರಲಿಲ್ಲ. ಹಾಲಿಗೆ ಕಾಲಿಟ್ಟಾಗಲೇ ಬಾಕ್ಸಿನಿಂದ ಗಿಟಾರ್ ಕೇಳಿತು. ವೇದಿಕೆಯ ಮೇಲೆ ನನ್ನ ಕೋಟು ಹಾಕಿಕೊಂಡ ಯಾರೋ ಒಬ್ಬ, ಕಂಕುಳಿನ ಹೊಲಿಗೆ ಸರಿಮಾಡಿಸಿದ್ದರು, ತಲೆ ಕುಣಿಸುತ್ತ ತಂತಿಯ ಮೇಲೆ ಕೈ ಒರೆಸುತ್ತಿದ್ದ. ಸ್ವರ ಏರಿದಾಗ ಅವನ ಕೈ ಇಳಿಯುತ್ತಿತ್ತು. ನೂರಾರು ಮಂದಿಯಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ. ಪಂಗತಿಯಲ್ಲಿ ನನ್ನ ಪಕ್ಕಕ್ಕೆ ಹೆಂಡತಿಯ ಸೋದರಮಾವ ಕೂತಿದ್ದರು, ನನ್ನ ಎಷ್ಟೋ ಕಾರ್ಯಕ್ರಮ ನೋಡಿದವರು.

"ಅಳಿಯಂದಿರ, ಸಿಟ್ಟಿಗಿ ಬರಬ್ಯಾಡ್ರಿ," ಎಂದರು ಹೋಳಿಗೆ ಮುರಿಯುತ್ತ. "ಈ ಹೊಸಬನ ಕೈ ನಿಮಗಿಂತ ಜರಾ ಮೆತ್ತಗದ. ಸಾಫ್ ಬಾರಸ್ತಾನ."

"ಅದು ನಾನೇರಿ ಮಾವಾ," ಎಂದೆ.

ಅವರು ನನ್ನ ಮುಖ ನೋಡಿ ಗಟ್ಟಿಯಾಗಿ ನಕ್ಕರು. ಎಡಕ್ಕೆ ಕೂತವರಿಗೂ ಹೇಳಿದರು, ಅವರೂ ನಕ್ಕರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡು ತಿಂದೆ. ವೇದಿಕೆಯ ಕಡೆಗೆ ಬೆನ್ನು ಮಾಡಿ ಕೂತಿದ್ದೆ, ಹಾಗಾಗಿ ಹದಿನೆಂಟು ಹಾಡುಗಳಲ್ಲಿ ಹನ್ನೊಂದನ್ನು ಚೆನ್ನಾಗಿ ಕೇಳಿದೆ. ಎರಡು ಕಡೆ ಬಿಟ್ಟರೆ ತಪ್ಪಿಲ್ಲ.

ಔರಾದಿನಿಂದ ಬಂದ ಮೇಲೆ ಯಾವ ಆರ್ಕೆಸ್ಟ್ರಾಕ್ಕೂ ಹೋಗಿಲ್ಲ. ಮೂರು ಕಡೆಯಿಂದ ಕರೆ ಬಂತು. ಮಿಕ್ಸರಿನಲ್ಲಿ ನನ್ನ ಗುಂಡಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. ಎರಡು ಕಡೆಯವರು ಫೋನಿಟ್ಟರು, ಮೂರನೆಯವರು ನನಗೆ ತಲೆ ಕೆಟ್ಟಿದೆ ಎಂದರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬಾಡಿಗೆಯ ಅಂಗಡಿ ಒಂದು, ಸುತ್ತುವ ಮಷೀನು ಎರಡು. ಗಿಟಾರ್ ಎರಡು, ಒಂದಕ್ಕೆ ತಂತಿ ಇಲ್ಲ. ಆಂಪ್ ಒಂದು, ಕೇಬಲ್ ಮೂರು. ವೈರ್‌ಲೆಸ್ ತುಂಡು ಎರಡು, ಅದರಲ್ಲಿ ಚಾರ್ಜು ಹಿಡಿಯುವುದು ಒಂದು. ಗಿಟಾರ್ ಕಲಿಯಲು ಬರುವವರು ಇಬ್ಬರು, ಒಬ್ಬರು ಬ್ಯಾಂಕಿನವರು, ಒಬ್ಬರು ನರ್ಸು. ರಿಪೇರಿಗೆ ಬಂದು ಕೂತ ಮೋಟಾರು ಹನ್ನೊಂದು.